ಸ್ಟೇರಿಂಗ್ ಮೇಲೊಂದು ಬೆರಳು

ಇಲ್ಲಿ ಎದುರಿನಿಂದ ಬರುವ ಚಾಲಕರೆಲ್ಲ ನಮಗೆ ಕೈ ಎತ್ತುತ್ತಾರೆ. ಕೈ ಅನ್ನುವುದೂ ಜಾಸ್ತಿಯೇ. ಸ್ಟೇರಿಂಗ್ ಹಿಡಿದ ಬಲಗೈಯ ತೋರುಬೆರಳು ಒಂದಿಂಚು ಮೇಲೇಳುತ್ತದೆ, ಮತ್ತೆ ಕೂತುಬಿಡುತ್ತದೆ. ನಗು ಇಲ್ಲ, ತಲೆ ಅಲ್ಲಾಡುವುದಿಲ್ಲ. ಪಕ್ಕದಲ್ಲಿ ಕಾರು ನಡೆಸುತ್ತಿರುವ ನನ್ನ ಅಕ್ಕನ ಮಗನೂ ಬೆರಳು ಎತ್ತುತ್ತಾನೆ. ಯಾರೋ ಅವರು ಎಂದರೆ ಯಾರಿಗ್ಗೊತ್ತು ಮಾಮಾ ಎನ್ನುತ್ತಾನೆ. ಇದು ಸ್ಕಾಟ್ಲೆಂಡಿನ ಉತ್ತರದ ಅಂಚು, ಸದರ್ಲೆಂಡ್ ಸೀಮೆ. ಇವನು ಇನ್ವರ್ನೆಸ್ಸಿನಲ್ಲಿ ಡಾಕ್ಟರು, ಹುಟ್ಟಿ ಬೆಳೆದದ್ದು ಧಾರವಾಡ. ಅಲ್ಲಿ ಸ್ಕೂಟರ್ ಓಡಿಸುವಾಗ ಎದುರಿನವರಿಗೆ ಇವನು ಕೊಡುತ್ತಿದ್ದದ್ದು ಹಾರನ್ ಒಂದೇ.

*

ಬೆರಳಿನಲ್ಲೂ ದರ್ಜೆಗಳಿವೆ. ಒಂದೇ ಬೆರಳು ಎತ್ತಿದವನು ಇಲ್ಲಿಯವನು. ನಾಲ್ಕು ಬೆರಳು ಒಟ್ಟಿಗೆ ಎದ್ದರೆ ಬಂದು ನೆಲೆಸಿದವನು, ಇಲ್ಲವೇ ದಾರಿ ಬಿಟ್ಟದ್ದಕ್ಕೆ ತುಸು ಹೆಚ್ಚಾಗಿಯೇ ಋಣಿಯಾದವನು. ಅಂಗೈ ಪೂರ್ತಿ ತೆರೆದು ಆಡಿಸಿದವನು ಖಂಡಿತ ಪ್ರವಾಸಿ. ನಿನ್ನೆಯಷ್ಟೇ ಈ ಪದ್ಧತಿ ಕಲಿತಿದ್ದಾನೆ, ಖುಷಿಯಲ್ಲಿದ್ದಾನೆ. ಕೆಂಪು ವ್ಯಾನಿನ ಅಂಚೆಯವನು ಮಾತ್ರ ನಮ್ಮತ್ತ ನೋಡುವುದೇ ಇಲ್ಲ. ಅವನ ಬೆರಳು ತಾನಾಗಿಯೇ ಎದ್ದು ಇಳಿಯುತ್ತದೆ.

ಇದನ್ನು ಅಳಿಯನಿಗೆ ಹೇಳಿದೆ. "ಭಾಳ ನೋಡಬ್ಯಾಡ ಮಾಮಾ, ಎತ್ತು. ಬಾಜೂಕ ಕೂತಾವ್ರೂ ಎತ್ತಬಹುದು" ಎಂದ. ಎತ್ತಿದೆ. ನನ್ನದು ಪ್ರವಾಸಿ ದರ್ಜೆಯದು ಎಂದು ಅವನೇ ತೀರ್ಪು ಕೊಟ್ಟ.

*

ಮೊದಲ ಊಹೆ: ಇದು ನಮಸ್ಕಾರವಲ್ಲ, ಥ್ಯಾಂಕ್ಸು. ಇಲ್ಲಿಯ ರಸ್ತೆ ಒಂದೇ ಕಾರಿನಷ್ಟು ಅಗಲ. ಅಲ್ಲಲ್ಲಿ ಮಾತ್ರ, ಹಾವು ಇಲಿ ನುಂಗಿದ ಹಾಗೆ, ಒಂದು ಬದಿಗೆ ಉಬ್ಬುತ್ತದೆ. ಅಲ್ಲೊಂದು ಬಿಳಿ ಫಲಕ: ಪಾಸಿಂಗ್ ಪ್ಲೇಸ್. ಎದುರು ಗಾಡಿ ಕಂಡಿತೋ, ಉಬ್ಬು ಯಾರಿಗೆ ಹತ್ತಿರವೋ ಅವರು ನಿಲ್ಲುತ್ತಾರೆ. ಬ್ರಿಟನ್ನಿನ ಹೈವೇ ಕೋಡ್ 155ನೇ ನಿಯಮದಲ್ಲಿ ಇದನ್ನೆಲ್ಲ ಬರೆದಿದ್ದಾರೆ. ಉಬ್ಬು ನಿನ್ನ ಎಡಕ್ಕಿದ್ದರೆ ಅದರೊಳಗೆ ಹೋಗು. ಬಲಕ್ಕಿದ್ದರೆ ರಸ್ತೆಯಲ್ಲೇ ಅದರ ಎದುರಿಗೆ ನಿಲ್ಲು, ಬರುವವನು ಒಳಹೊಕ್ಕು ಸುತ್ತಿ ಹೋಗಲಿ. ಏರು ಹತ್ತುವವರಿಗೆ ಸಾಧ್ಯವಾದಾಗಲೆಲ್ಲ ದಾರಿ ಬಿಡು. ಬೇಕಾದರೆ ಹಿಂದಕ್ಕೆ ಹೋಗು. ಏರಿನವರಿಗೆ ಮೊದಲ ಹಕ್ಕು ಎನ್ನುವುದು ನಮ್ಮ ಮೋಟಾರು ವಾಹನ ನಿಯಮಗಳಲ್ಲೂ ಇದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸಿಗೆ ಬಸ್ಸು ಎದುರಾದಾಗ ಹಿರಿಯ ಡ್ರೈವರುಗಳು ಅದನ್ನು ಪಾಲಿಸುವುದನ್ನೂ ನೋಡಿದ್ದೇನೆ.

155ನೇ ನಿಯಮದಲ್ಲಿ ಎಲ್ಲವೂ ಇದೆ, ಬೆರಳು ಮಾತ್ರ ಇಲ್ಲ. ಎತ್ತದಿದ್ದರೆ ದಂಡವಿಲ್ಲ. ಆದರೆ ದಾರಿ ಬಿಡಿಸಿಕೊಂಡು ಬೆರಳೆತ್ತದೆ ಹೋದ ಬಾಡಿಗೆ ಕಾರಿನವನ ಬಗ್ಗೆ, ಮೊನ್ನೆ ನಾವು ಚಹಾ ಕುಡಿದ ಅಂಗಡಿಯ ಹೆಂಗಸು ಐದು ನಿಮಿಷ ಬಿಡದೆ ಮಾತಾಡಿದರು. ಅದೇ ಕಾರಿನವನು ಅತಿವೇಗದಲ್ಲಿ ಬಂದಿದ್ದ ಎನ್ನುವುದನ್ನು ಅವರು ಹೇಳಿದ್ದು ಕೊನೆಗೆ, ಅದೂ ಒಂದೇ ಮಾತಿನಲ್ಲಿ.

*

ಲ್ಯಾಕ್ಸ್‌ಫರ್ಡ್ ಬ್ರಿಜ್. ಥ್ಯಾಂಕ್ಸಿನ ಊಹೆಗೆ ಇಲ್ಲಿ ಒಳ್ಳೆಯ ಪುರಾವೆ ಸಿಕ್ಕಿತು. ಉಲ್ಲಾಪೂಲಿನಿಂದ ಉತ್ತರಕ್ಕೆ ಬರುವಾಗ ರಸ್ತೆ ಬಹುಪಾಲು ಎರಡು ಗಾಡಿಯ ಅಗಲಕ್ಕೆ ಹಿಗ್ಗಿದೆ. ಕೈಲ್‌ಸ್ಕೂ ಎಂಬಲ್ಲಿ ಹಿಂದೆ ದೋಣಿಗಾಗಿ ಕಾಯಬೇಕಿತ್ತು. 1984ರಿಂದ ಅಲ್ಲಿ ಬಿಲ್ಲಿನಂತೆ ಬಳುಕಿದ ಕಾಂಕ್ರೀಟ್ ಸೇತುವೆ. ಆ ಅಗಲದ ದಾರಿಯುದ್ದಕ್ಕೂ ಯಾರ ಬೆರಳೂ ಏಳಲಿಲ್ಲ. ಲ್ಯಾಕ್ಸ್‌ಫರ್ಡಿನಲ್ಲಿ ಎಡಕ್ಕೆ ಹೊರಳಿ ಡರ್ನೆಸ್ಸಿನ ದಾರಿ ಹಿಡಿದೆವು. ಮುಂದೆ ಹೋದಂತೆ ರಸ್ತೆ ಕಿರಿದಾಯಿತು, ಎದುರು ಬಂದ ಮೊದಲ ಪಿಕಪ್ಪಿನಲ್ಲೇ ಬೆರಳು ಎದ್ದಿತು. ಈ ಮನುಷ್ಯನೇ ಅರ್ಧ ಗಂಟೆಯ ನಂತರ ಕೈಲ್‌ಸ್ಕೂ ಸೇತುವೆಯ ಮೇಲೆ ಇನ್ನಾರಿಗೋ ಎದುರಾಗುತ್ತಾನೆ, ಆಗ ಕಲ್ಲಿನಂತೆ ಕೂತಿರುತ್ತಾನೆ. ಮರ್ಯಾದೆ ಮನುಷ್ಯನದೋ, ಲೋಕೋಪಯೋಗಿ ಇಲಾಖೆಯದೋ?

*

ಆದರೆ ಡರ್ನೆಸ್ಸಿಗೆ ಮುಟ್ಟುವಷ್ಟರಲ್ಲಿ ಊಹೆ ಸಡಿಲಾಯಿತು. ಎರಡು ಕಾರು ಸರಿಯಾಗಿ ಉಬ್ಬಿನ ಜಾಗದಲ್ಲೇ ಎದುರಾದರೆ ಯಾರೂ ನಿಲ್ಲಬೇಕಿಲ್ಲ, ಯಾರಿಂದ ಯಾರಿಗೂ ಉಪಕಾರವಿಲ್ಲ. ಆಗಲೂ ಬೆರಳು ಏಳುತ್ತದೆ. ಕುರಿ ಎಣಿಸುತ್ತ ಬೇಲಿಯ ಆಚೆ ನಿಂತವನಿಗೂ ಏಳುತ್ತದೆ, ಅವನು ನಮಗೆ ಬಿಟ್ಟುಕೊಟ್ಟದ್ದು ಏನೂ ಇಲ್ಲ. ನಡೆದು ಹೋಗುವವರು ಸರಿ, ಸೈಕಲ್ಲಿನವರು ಸರಿ. ಮೋಟಾರ್‌ಸೈಕಲ್ಲಿನವರು ತಮ್ಮತಮ್ಮಲ್ಲಿ ತಲೆಯನ್ನಷ್ಟೇ ಓರೆ ಮಾಡುತ್ತಾರೆ; ಬಲಗೈ ಆಕ್ಸಿಲರೇಟರಿನ ಮೇಲೆ, ಎಡಗೈ ಎದುರಿನವನಿಗೆ ದೂರದ ಬದಿಯಲ್ಲಿ, ಇನ್ನೇನು ಮಾಡಿಯಾರು. (ಫ್ರಾನ್ಸಿನ ಬೈಕಿನವರು ದಾರಿ ಬಿಟ್ಟವರಿಗೆ ಥ್ಯಾಂಕ್ಸೆಂದು ಕಾಲು ಚಾಚುತ್ತಾರೆ. ನಮ್ಮಲ್ಲಿ ಹಾಗೆ ಕಾಲು ತೋರಿಸಿದರೆ ಊರಿಗೆ ಮುಟ್ಟುವುದು ಕಷ್ಟ.)

*

ಎರಡನೇ ಊಹೆ: ಪರಿಚಯ. ಊರು ಸಣ್ಣದು, ಗಾಡಿಗಳು ಕೆಲವೇ, ಎಲ್ಲರಿಗೂ ಎಲ್ಲರೂ ಗೊತ್ತು, ಅದಕ್ಕೇ ಎತ್ತುತ್ತಾರೆ. ಇದು ನಿಲ್ಲುವುದಿಲ್ಲ. ಎದುರು ಗಾಡಿಯ ಗಾಜಿನಲ್ಲಿ ನನಗೆ ಕಾಣುವುದು ಮೋಡ, ವೈಪರು ಮತ್ತು ಆ ಬೆರಳು. ಮುಖ ಕಾಣುವುದೇ ಇಲ್ಲ. ನಮ್ಮ ಗಾಡಿಯನ್ನೂ ಅವರು ಹಿಂದೆಂದೂ ಕಂಡವರಲ್ಲ. ಪರಿಚಯದವರು ಬಿಟ್ಟುಹೋದಾರೆಂಬ ಭಯಕ್ಕೆ ಎಲ್ಲರಿಗೂ ಎತ್ತುತ್ತಾರೋ? ಮದುವೆ ಮನೆಯಲ್ಲಿ ನಾನೂ ಎಲ್ಲರಿಗೂ ಕೈ ಮುಗಿಯುತ್ತೇನೆ, ಯಾರು ಯಾವ ಕಡೆಯವರೋ ಎಂದು. ಅಳಿಯ ಒಪ್ಪಲಿಲ್ಲ. "ಗುರ್ತಿನವ್ರು ಬಂದ್ರ ಬೆರಳಲ್ಲ ಮಾಮಾ, ಗಾಡಿನ ನಿಂದರಸ್ತಾರ. ಕಿಟಕಿ ಇಳಿಸಿ ಮಾತಿಗೆ ನಿಂತ್ರಂದ್ರ ಹಿಂದಿನವ್ರು ಕಾಯಬೇಕು."

ಇದನ್ನು ಕೇಳಿ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸುಗಳು ಕಣ್ಣಿಗೆ ಬಂದವು. ಎದುರು ಬಸ್ಸಿನ ಡ್ರೈವರಿಗೆ ನಮ್ಮ ಡ್ರೈವರೂ ಕೈ ಎತ್ತುತ್ತಾನೆ. ಕೆಲವೊಮ್ಮೆ ಎರಡೂ ಬಸ್ಸು ನಡುರಸ್ತೆಯಲ್ಲಿ ಕಿಟಕಿಗೆ ಕಿಟಕಿ ಹಚ್ಚಿ ನಿಲ್ಲುತ್ತವೆ. ಡಿಪೋದ ಸುದ್ದಿ, ಡ್ಯೂಟಿ ಬದಲಿ, ಯಾರದೋ ರಜೆ. ನೂರು ಜನ ಪ್ರಯಾಣಿಕರು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಆದರೆ ಆ ಕೈ ಏಳುವುದು ಖಾಕಿಗೆ. ಅದೇ ಡ್ರೈವರು ನನ್ನ ಸ್ಕೂಟರಿಗೆ ಇವತ್ತಿನವರೆಗೆ ಕೈ ಎತ್ತಿಲ್ಲ.

*

ಅರ್ವಿಂಗ್ ಗಾಫ್‌ಮನ್ ನೆನಪಾಗುತ್ತಾನೆ. ಮನುಷ್ಯರು ಎದುರುಬದುರಾದಾಗ ಏನು ಮಾಡುತ್ತಾರೆ ಎನ್ನುವುದನ್ನೇ ಜೀವಮಾನದ ವಿಷಯ ಮಾಡಿಕೊಂಡ ಸಮಾಜಶಾಸ್ತ್ರಜ್ಞ. ಹುಟ್ಟಿದ್ದು ಕೆನಡಾ, ಓದಿದ್ದು ಷಿಕಾಗೋ, ಆದರೆ ಪಿಎಚ್‌ಡಿಗಾಗಿ ಬಂದು ಕೂತದ್ದು ಇದೇ ಸ್ಕಾಟ್ಲೆಂಡಿನ ಇನ್ನೂ ಉತ್ತರಕ್ಕೆ, ಶೆಟ್ಲೆಂಡಿನ ಅನ್‌ಸ್ಟ್ ದ್ವೀಪದಲ್ಲಿ, 1949ರಿಂದ 1951ರ ನಡುವೆ. ದ್ವೀಪದ ಬೇಸಾಯದ ಲೆಕ್ಕಾಚಾರ ತಿಳಿಯಲು ಬಂದ ಅಮೆರಿಕದ ವಿದ್ಯಾರ್ಥಿ ಎಂದು ಜನರಿಗೆ ಹೇಳಿಕೊಂಡು, ಅವರು ಒಬ್ಬರನ್ನೊಬ್ಬರು ಹೇಗೆ ಮಾತಾಡಿಸುತ್ತಾರೆ ಎನ್ನುವುದನ್ನು ಬರೆದುಕೊಂಡ. ಪ್ರಬಂಧ ಮುಗಿದದ್ದು 1953ರಲ್ಲಿ. ಮುಂದೆ 1963ರ ಪುಸ್ತಕವೊಂದರಲ್ಲಿ ಪಟ್ಟಣದವರ ರೀತಿಯನ್ನು ವಿವರಿಸಿದ. ಅಪರಿಚಿತ ಎದುರಾದಾಗ ಒಮ್ಮೆ ನೋಡುತ್ತಾರೆ, ನೋಡಿದ್ದು ತಿಳಿಯುವಷ್ಟು; ಕೂಡಲೇ ಕಣ್ಣು ತೆಗೆಯುತ್ತಾರೆ, ನಿನ್ನಿಂದ ನನಗೇನೂ ಬೇಕಿಲ್ಲ, ನಿನ್ನ ಭಯವೂ ಇಲ್ಲ ಎಂದು ತಿಳಿಯುವಷ್ಟು. ಅದೂ ಮರ್ಯಾದೆಯೇ ಎನ್ನುವುದು ಅವನ ವಾದ. ಬೆಂಗಳೂರಿನ ಮೆಟ್ರೋದಲ್ಲಿ ಅದು ನನಗೆ ಸುಲಭವಾಗಿ ಅರ್ಥವಾಗುತ್ತದೆ. ಎದುರು ಸೀಟಿನವರಿಗೆಲ್ಲ ನಮಸ್ಕಾರ ಹೇಳಹೊರಟರೆ ಇಳಿಯುವ ನಿಲ್ದಾಣ ದಾಟಿಹೋಗುತ್ತದೆ.

ಹಾಗಾದರೆ ಬೆರಳಿನ ಪ್ರಶ್ನೆ ಸ್ವಭಾವದ್ದಲ್ಲ, ಲೆಕ್ಕದ್ದು. ಎಷ್ಟು ಜನರವರೆಗೆ ಎತ್ತಬಹುದು?

*

ಲೆಕ್ಕ ಎಂದ ಮೇಲೆ ಇದನ್ನೂ ಬರೆದಿಡುತ್ತೇನೆ. ಧಾರವಾಡ ಜಿಲ್ಲೆಯ ವಿಸ್ತೀರ್ಣ 4,260 ಚದರ ಕಿ.ಮೀ., ಜನ 2011ರ ಗಣತಿಯಂತೆ 18 ಲಕ್ಷಕ್ಕೂ ಮೇಲೆ. ಸದರ್ಲೆಂಡ್ ಅದಕ್ಕಿಂತ ದೊಡ್ಡದು, 5,200 ಚದರ ಕಿ.ಮೀ. ದಾಟುತ್ತದೆ. ಜನ 13,000ದ ಆಸುಪಾಸು. ಇಲ್ಲಿ ಎದುರು ಗಾಡಿ ಬರುವುದೇ ಒಂದು ಸಮಾಚಾರ.

ಆದರೆ ಈ ಖಾಲಿತನ ದೇವರು ಮಾಡಿದ್ದಲ್ಲ. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಸದರ್ಲೆಂಡಿನ ಜಮೀನ್ದಾರಿಕೆ ಒಳನಾಡಿನ ಕಣಿವೆಗಳಿಂದ ಸಾವಿರಾರು ಒಕ್ಕಲುಗಳನ್ನು ಎಬ್ಬಿಸಿತು. ಕುರಿಗೆ ಹುಲ್ಲುಗಾವಲು ಬೇಕಿತ್ತು, ಉಣ್ಣೆಗೆ ಬೆಲೆ ಬಂದಿತ್ತು. ಸ್ಟ್ರಾಥ್‌ನೇವರ್ ಕಣಿವೆಯಲ್ಲಿ 1814ರಲ್ಲಿ, ಮತ್ತೆ 1819ರಲ್ಲಿ, ಜನ ಮರಳಿ ಬರಬಾರದೆಂದು ಮನೆಗಳ ಮಾಡಿಗೆ ಬೆಂಕಿ ಹಚ್ಚಿದರು. 1814ರ ಕೆಲಸದ ಮುಂದಾಳು ಪ್ಯಾಟ್ರಿಕ್ ಸೆಲ್ಲರ್ ಮೇಲೆ 1816ರಲ್ಲಿ ಮೊಕದ್ದಮೆ ನಡೆದು ಖುಲಾಸೆಯಾಯಿತು. ಹೊರಬಿದ್ದವರು ಕೆಲವರು ಈ ಕಡಲಂಚಿನ ಕಲ್ಲು ನೆಲಕ್ಕೆ, ಕೆಲವರು ಕೆನಡಾಕ್ಕೆ. ಜನ ಕಡಿಮೆಯಿದ್ದಲ್ಲಿ ಜನ ಒಬ್ಬರನ್ನೊಬ್ಬರು ಗಮನಿಸುತ್ತಾರೆ ಎಂದು ಮೆಚ್ಚಿಕೊಂಡು ಹೊರಟವನು ನಾನು. ಕಡಿಮೆ ಹೇಗಾದರು ಎಂದು ಕೇಳಿದರೆ ಆ ಮೆಚ್ಚುಗೆ ಅಷ್ಟು ಸಲೀಸಾಗಿ ಇಳಿಯುವುದಿಲ್ಲ. ರಸ್ತೆಯಲ್ಲಿ ನಮಗೆ ಅಡ್ಡ ನಿಂತು, ದಾರಿ ಬಿಡದೆ, ಯಾವ ಮರ್ಯಾದೆಯನ್ನೂ ತೋರದೆ ಇದ್ದ ಪ್ರಾಣಿ ಇಲ್ಲಿ ಒಂದೇ: ಕುರಿ.

*

ಆಸ್ಟ್ರೇಲಿಯಾದ ಒಳನಾಡಿನಲ್ಲೂ ಇದೇ ಒಂದು ಬೆರಳು. ಪೋರ್ಟ್ ಆಗಸ್ಟಾದಿಂದ ಡಾರ್ವಿನ್‌ವರೆಗೆ ಸ್ಟುವರ್ಟ್ ಹೆದ್ದಾರಿ 2,700 ಕಿ.ಮೀ. ಮೀರುತ್ತದೆ. ರಸ್ತೆ ಎರಡು ಗಾಡಿಗೆ ಸಾಕಾಗುವಷ್ಟು ಅಗಲ, ಯಾರೂ ಯಾರಿಗೂ ದಾರಿ ಬಿಡಬೇಕಿಲ್ಲ. ಆದರೂ ಎತ್ತುತ್ತಾರೆ. ಅಲ್ಲಿ ಇಕ್ಕಟ್ಟಿಲ್ಲ, ಬರೀ ಖಾಲಿ. ಸದರ್ಲೆಂಡಿನಲ್ಲಿ ಎರಡೂ ಇದೆ. ಲ್ಯಾಕ್ಸ್‌ಫರ್ಡಿನಲ್ಲಿ ನಾನು ಹಿಡಿದ ಪುರಾವೆ ಹಾಗಾದರೆ ಯಾವುದರದ್ದು? ಅಗಲವಾದ ರಸ್ತೆಯಲ್ಲಿ ಗಾಡಿಗಳೂ ಹೆಚ್ಚು, ವೇಗವೂ ಹೆಚ್ಚು. ಬೆರಳು ಮಲಗಿದ್ದು ಯಾವುದರಿಂದ ಎಂದು ಬಿಡಿಸಲು ಬರುವುದಿಲ್ಲ. ಅಳಿಯನನ್ನು ಕೇಳಿದರೆ, "ನಂಗ ಪೇಷಂಟ್ ಬಗ್ಗೆ ಕೇಳು, ಹೇಳ್ತೀನಿ" ಎಂದ.

*

2015ರಲ್ಲಿ ಉತ್ತರದ ಈ ದಾರಿಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿ ಹೆಸರಿಟ್ಟರು: ನಾರ್ತ್ ಕೋಸ್ಟ್ 500. 516 ಮೈಲಿ, ಇನ್ವರ್ನೆಸ್ಸಿನಿಂದ ಹೊರಟು ಇನ್ವರ್ನೆಸ್ಸಿಗೇ ವಾಪಸ್. ಅಂದಿನಿಂದ ಬೇಸಿಗೆಯಲ್ಲಿ ಮಲಗುವ ಮಂಚ, ಒಲೆ ಎಲ್ಲ ಹೊತ್ತ ವ್ಯಾನುಗಳ ಸಾಲು. ಪಾಸಿಂಗ್ ಪ್ಲೇಸಿನಲ್ಲೇ ಗಾಡಿ ನಿಲ್ಲಿಸಿ ಊಟಕ್ಕೆ ಕೂರುತ್ತಾರೆ, ಕೋಡಿನ 156ನೇ ನಿಯಮ ಬೇಡ ಎಂದಿದ್ದರೂ. ಆರು ವ್ಯಾನು ಒಟ್ಟಿಗೆ ಬಂದರೆ ಬೆರಳಿನ ಗತಿ ಏನು ಎಂದು ಕಾದು ನೋಡಿದೆ. ದಾರಿ ಬಿಟ್ಟು ನಿಂತಿದ್ದ ಟ್ರ್ಯಾಕ್ಟರಿನ ಮುದುಕ ಮೊದಲನೆಯದಕ್ಕೆ ಎತ್ತಿದ ಬೆರಳನ್ನು ಆರನೆಯದು ದಾಟುವವರೆಗೆ ಹಾಗೇ ಇಟ್ಟುಕೊಂಡ. ಒಂದೇ ಬೆರಳಿನಲ್ಲಿ ಆರು ಬಾಕಿ ತೀರಿತು. ಇನ್ನಷ್ಟು ವ್ಯಾನು ಬಂದರೆ ಮುಂದಿನ ಪೀಳಿಗೆ ಎತ್ತುವುದನ್ನೇ ಬಿಟ್ಟೀತು. ಆಗ ಬಂದವರು, ಇಲ್ಲಿಯ ಜನ ಬಿಗಿ ಎಂದು ಬರೆದಾರು.

*

ಹೆಡ್‌ಲೈಟ್. ಇಲ್ಲಿ ಎದುರಿನವನು ಲೈಟು ಮಿನುಗಿಸಿದರೆ "ನಾನು ನಿಂತಿದ್ದೇನೆ, ನೀನು ಬಾ" ಎಂದರ್ಥ. ನಮ್ಮ ಹೆದ್ದಾರಿಯಲ್ಲಿ ಅದೇ ಮಿನುಗು "ನಾನು ಬರುತ್ತಿದ್ದೇನೆ, ನೀನು ನಿಲ್ಲು". ಹೈವೇ ಕೋಡ್ 110ನೇ ನಿಯಮ ಎರಡನ್ನೂ ಒಪ್ಪುವುದಿಲ್ಲ: ನೀನು ಇದ್ದೀ ಎಂದು ತಿಳಿಸಲು ಮಾತ್ರ ಮಿನುಗಿಸು ಎನ್ನುತ್ತದೆ. ನಮ್ಮ ಚಾಲಕನೊಬ್ಬ ಇಲ್ಲಿ ಬಂದು ಮಿನುಗಿಸಿದರೆ ಇಬ್ಬರೂ ಒಟ್ಟಿಗೆ ಹೊರಡುತ್ತಾರೆ, ಇಬ್ಬರ ಮನಸ್ಸೂ ಶುದ್ಧ.

*

ನಮ್ಮ ರಸ್ತೆಯಲ್ಲಿ ಅಪರಿಚಿತರು ಮಾತಾಡಿಸುವುದಿಲ್ಲ ಎಂದು ಯಾರು ಹೇಳಿದರು? "ಸ್ಟ್ಯಾಂಡ್! ಸ್ಟ್ಯಾಂಡ್!" ಬೈಕಿನ ಸೈಡ್ ಸ್ಟ್ಯಾಂಡ್ ಇಳಿದೇ ಇದ್ದರೆ ಹಾದಿಯಲ್ಲಿ ಹತ್ತು ಜನ ಕೂಗುತ್ತಾರೆ, ಒಬ್ಬ ಬೆನ್ನಟ್ಟಿ ಬಂದು ಹೇಳಿ ಹೋಗುತ್ತಾನೆ. ಹಿಂದೆ ಕೂತವರ ಸೆರಗು ಚಕ್ರಕ್ಕೆ ಸಿಕ್ಕೀತೆಂದರೆ ಇಡೀ ಬೀದಿ ಒಂದಾಗುತ್ತದೆ. ಮುಂದೆ ಪೊಲೀಸರು ನಿಂತಿದ್ದರೆ ಎದುರಿನವನು ತನ್ನ ತಲೆ ತಟ್ಟಿ ತೋರಿಸುತ್ತಾನೆ, ಹೆಲ್ಮೆಟ್ ಹಾಕಿಕೋ ಎಂದು. ಹಗಲಲ್ಲಿ ಲೈಟು ಉರಿಯುತ್ತಿದ್ದರೆ ಐದೂ ಬೆರಳು ಮುಚ್ಚಿ ತೆರೆದು ತೋರಿಸುತ್ತಿದ್ದರು. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಲೈಟು ತಾನಾಗಿಯೇ ಸದಾ ಉರಿಯಬೇಕು ಎಂದು ಕಾನೂನಾಯಿತು. ಕೆಲವು ತಿಂಗಳು ದೇಶದ ತುಂಬ ಜನ ಎದುರಿನ ಹೊಸ ಬೈಕಿಗೆಲ್ಲ ಬೆರಳು ಮುಚ್ಚಿ ತೆರೆದರು, ಆಮೇಲೆ ಸುಸ್ತಾಗಿ ಬಿಟ್ಟರು. ಸ್ಟ್ಯಾಂಡ್ ಇಳಿದಿದ್ದರೆ ಇಂಜಿನ್ನೇ ಹತ್ತದ ಬೈಕುಗಳು ಈಗ ಬಂದಿವೆ. ಆ ಕೂಗಿಗೂ ಹೆಚ್ಚು ಕಾಲವಿಲ್ಲ.

ನಮ್ಮದು ಸುದ್ದಿ ಇದ್ದರೆ ಮಾತ್ರ ಏಳುವ ಕೈ. ಇವರದು ಸುದ್ದಿಯೇ ಇಲ್ಲದ ಬೆರಳು.

*

ಇದನ್ನು ಓದಿ ಹೇಳಿದಾಗ ಅಳಿಯ ನಕ್ಕು, ಕಳೆದ ಸಲ ರಜೆಗೆ ಬಂದಾಗಿನದನ್ನು ಹೇಳಿದ. ಧಾರವಾಡದಿಂದ ಕಲಘಟಗಿಗೆ ಹೊರಟಿದ್ದನಂತೆ. ರಸ್ತೆ ಖಾಲಿ, ಎದುರಿಗೆ ಒಂದು ಬೊಲೆರೊ, ಅಭ್ಯಾಸಬಲದಿಂದ ಬೆರಳು ಎದ್ದುಬಿಟ್ಟಿತು. ಕನ್ನಡಿಯಲ್ಲಿ ನೋಡುತ್ತಾನೆ, ಬೊಲೆರೊ ನಿಂತಿದೆ. ಯಜಮಾನ ಇಳಿದು ನಾಲ್ಕೂ ಗಾಲಿ ಒದ್ದು ನೋಡಿದ, ಬಗ್ಗಿ ಅಡಿಗೆ ನೋಡಿದ, ಹಿಂದಿನ ಬಾಗಿಲು ಎಳೆದು ನೋಡಿದ. ಇವನು ತಡೆಯಲಾರದೆ ರಿವರ್ಸ್ ಬಂದ.

"ಏನಾಗೇತ್ರಿ ಗಾಡಿಗೆ?"

"ಏನೂ ಆಗಿಲ್ರಿ."

"ಮುಂದ ಪೊಲೀಸ್ರು ಅದಾರೇನು?"

"ಇಲ್ರಿ."

"ಮತ್ತ ಬಟ್ಟ ಯಾಕ ಎತ್ತಿದ್ರಿ?"

"ಸುಮ್ನ ರೀ. ನಮಸ್ಕಾರ ಅಂದಂಗ."

ಆತ ಒಂದು ಗಳಿಗೆ ಇವನನ್ನೇ ನೋಡಿ, "ಯಾವೂರ್ರೀ ನಿಮ್ದು?" ಎಂದನಂತೆ. ಮನೆತನ, ಓಣಿ, ತಂದೆಯ ಹೆಸರು, ಕಲಿತ ಸಾಲೆ ಎಲ್ಲ ಆಯಿತು. ಸಾಲೆಯ ಮಾಸ್ತರರೊಬ್ಬರು ಇಬ್ಬರಿಗೂ ಬೇಕಾದವರು ಎಂದು ತೇಲಿತು. "ಆಮ್ಯಾಲ ಬಿಡಲೇ ಇಲ್ಲ ಮಾಮಾ. ಧಾರವಾಡಕ್ಕ ಹೊಂಟಾವ, ಗಾಡಿ ತಿರುವಿಕೊಂಡು ನನ್ನ ಹಿಂದ ಕಲಘಟಗಿ ತನಕಾ ಬಂದು, ಚಹಾ ಕುಡಿಸಿ, ಗಿರ್ಮಿಟ್ ತಿನಿಸಿ, ರೊಕ್ಕಾನೂ ತಾನ ಕೊಟ್ಟು ಹ್ವಾದ."