ನಾನು ಓದದೆ ಬಿಟ್ಟ ವಚನ

ಕುರ್‌ಆನಿನ 24ನೇ ಅಧ್ಯಾಯ ಸೂರಃ ನೂರ್. ಅದರ 11ರಿಂದ 20ರವರೆಗಿನ ವಚನಗಳನ್ನು ಒಂದು ಕಾಲದಲ್ಲಿ ನಾನು ಕಂಡಕಂಡವರಿಗೆ ಓದಿ ಹೇಳಿದ್ದೇನೆ. ಹೆಣ್ಣುಮಗಳ ಮೇಲೆ ಸುಳ್ಳು ಆಪಾದನೆ ಹೊರಿಸುವವರು, ಅದನ್ನು ಬಾಯಿಂದ ಬಾಯಿಗೆ ದಾಟಿಸುವವರು, ಕೇಳಿ ಸುಮ್ಮನಿರುವವರು ಯಾರನ್ನೂ ಆ ವಚನಗಳು ಬಿಡುವುದಿಲ್ಲ. ಆ ಕಟುವಾದ ಮಾತೇ ನನಗಾಗ ಬೇಕಾಗಿತ್ತು. ಇನ್ನೆರಡು ವಚನ ಮುಂದೆ ಹೋದರೆ 22ನೆಯದು ಬರುತ್ತದೆ. ಅದು ಬರುವುದರೊಳಗೆ ನಾನು ಓದು ನಿಲ್ಲಿಸಿರುತ್ತಿದ್ದೆ.

ಆ ವಚನಗಳ ಹಿನ್ನೆಲೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಕ್ರಿ.ಶ. 627ರ ಆಸುಪಾಸು. ದಂಡಯಾತ್ರೆ ಮುಗಿಸಿ ಮದೀನಾಕ್ಕೆ ಮರಳುವ ದಾರಿಯಲ್ಲಿ ಪ್ರವಾದಿಯವರ(ಸ) ಪತ್ನಿ ಹಜರತ್ ಆಯಿಶಾ(ರ) ಕಳೆದುಹೋದ ಕೊರಳಹಾರ ಹುಡುಕುತ್ತ ಹಿಂದುಳಿದರು. ಒಂಟೆಯ ಮೇಲಿನ ಪಲ್ಲಕ್ಕಿಯಲ್ಲಿ ಅವರಿದ್ದಾರೆ ಎಂದುಕೊಂಡು ತಂಡ ಹೊರಟುಹೋಯಿತು. ಹಿಂದೆ ಬರುತ್ತಿದ್ದ ಸಫ್ವಾನ್ ಎಂಬುವರು ಆಯಿಶಾರನ್ನು ತಮ್ಮ ಒಂಟೆಯ ಮೇಲೆ ಕೂರಿಸಿ, ತಾವು ಹಗ್ಗ ಹಿಡಿದು ನಡೆದು ತಂಡಕ್ಕೆ ಸೇರಿಸಿದರು. ಅಷ್ಟೇ ಸಾಕಾಯಿತು, ಊರು ಗುಸುಗುಸು ಶುರುಮಾಡಿತು. ಸುಮಾರು ಒಂದು ತಿಂಗಳು ಆ ತಾಯಿ ಕಣ್ಣೀರಿಟ್ಟರು. ಕೊನೆಗೆ ಅವರು ನಿರ್ದೋಷಿ ಎಂದು ಸಾರುವ ವಚನಗಳು ಬಂದವು.

ಆ ಗುಸುಗುಸು ಮಾತಿಗೆ ದನಿಗೂಡಿಸಿದವರಲ್ಲಿ ಮಿಸ್ತಹ್ ಎಂಬಾತನೂ ಇದ್ದ. ಆಯಿಶಾರ ತಂದೆ ಹಜರತ್ ಅಬೂಬಕರ್(ರ) ಅವರಿಗೆ ಆತ ತಾಯಿಯ ಕಡೆಯಿಂದ ಸಂಬಂಧಿ. ಬಡವ. ಅವನ ಮನೆ ನಡೆಯುತ್ತಿದ್ದುದೇ ಅಬೂಬಕರ್ ಕೊಡುತ್ತಿದ್ದ ಹಣದಲ್ಲಿ. ಉಂಡ ಮನೆಯ ಮಗಳ ಮೇಲೇ ಅವನು ಮಾತಾಡಿದ್ದ. ಇನ್ನು ಮೇಲೆ ಅವನಿಗೆ ಏನೂ ಕೊಡುವುದಿಲ್ಲ ಎಂದು ಅಬೂಬಕರ್ ಆಣೆ ಮಾಡಿದರು.

ಕತೆಯ ಇಷ್ಟು ಭಾಗ ನನಗೆ ಬಹಳ ಹಿಡಿಸಿತ್ತು. ಏಕೆಂದರೆ ನಾನೂ ಅಂಥದ್ದೇ ಆಣೆ ಮಾಡಿದ್ದೆ.

ದಾವಣಗೆರೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಖಾಲಾನ, ಅಂದರೆ ಅಮ್ಮಿಯ ಸಹೋದರಿಯ ಮಗಳು ನನಗಿಂತ ದೊಡ್ಡವಳು, ಚಿಕ್ಕಂದಿನಿಂದ ಆಪಾ ಎಂದೇ ಕರೆದು ರೂಢಿ. ಅವಳ ಗಂಡ, ನಮ್ಮ ದುಲ್ಹಾಭಾಯಿಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಒಲೆಯ ಉರಿಗೆ ಮುಖ ಕೊಟ್ಟು, ಕಾದ ಮರಳಿನಲ್ಲಿ ಅಕ್ಕಿ ಅರಳಿಸಿ, ಜರಡಿ ಹಿಡಿದು, ಮತ್ತೆ ಒಲೆಯ ಕಡೆ ತಿರುಗುವ ದುಡಿಮೆ ಅದು. ಹೊಗೆ ಕುಡಿದೂ ಕುಡಿದೂ ಅವರ ಎದೆ ಕೆಟ್ಟಿತು. ಭಟ್ಟಿಗೆ ಹೋಗುವ ದಿನಗಳಿಗಿಂತ ಮಲಗುವ ದಿನಗಳೇ ಹೆಚ್ಚಾದವು. ಆವಾಗಿನಿಂದ ಅವರ ಮನೆಯ ರೇಷನ್ನು, ಮಗಳ ಓದಿನ ಖರ್ಚು ನನ್ನ ಮೇಲಿತ್ತು. ಸಂತೋಷದಿಂದಲೇ ಕೊಡುತ್ತಿದ್ದೆ. ಬಡವನಿಗೆ ಕೊಟ್ಟರೆ ಒಂದು ಪುಣ್ಯ, ಬಡ ಸಂಬಂಧಿಗೆ ಕೊಟ್ಟರೆ ದಾನದ್ದೊಂದು, ನಂಟು ಉಳಿಸಿಕೊಂಡದ್ದೊಂದು, ಹೀಗೆ ಎರಡು ಪುಣ್ಯ ಎಂದು ಪ್ರವಾದಿಯವರು(ಸ) ಹೇಳಿದ್ದನ್ನು ಅಮ್ಮಿ ಆಗಾಗ ನೆನಪಿಸುತ್ತಿದ್ದರು.

ಮೈಸೂರಿನಲ್ಲಿ ಓದುತ್ತಿದ್ದ ನನ್ನ ಮಗಳ ಬಗ್ಗೆ ಯಾರೋ ಒಂದು ಸುಳ್ಳು ಹಬ್ಬಿಸಿದರು. ಅದನ್ನು ಒಂದು ಮದುವೆ ಮನೆಯಲ್ಲಿ, ಹೆಂಗಸರ ಪಂಕ್ತಿಯಲ್ಲಿ ಆಪಾ ಎತ್ತಿ ಆಡಿದಳು. ಹುಟ್ಟಿಸಿದವಳು ಅವಳಲ್ಲ. ಆದರೆ ನಮ್ಮವಳೇ ಹೇಳಿದ್ದರಿಂದ ಜನ ನಂಬಿದರು. ನನ್ನ ಹೆಂಡತಿ ಊಟ ಬಿಟ್ಟು ಎದ್ದುಬಂದಳು. ಆ ರಾತ್ರಿ ಅಮ್ಮಿಯ ಮುಂದೆ ನಿಂತು, ಖುದಾನ ಆಣೆ, ಆ ಮನೆಗೆ ಇನ್ನು ಒಂದು ಪೈಸೆ ಕೊಡಲ್ಲ ಎಂದೆ. ಅಮ್ಮಿ ಏನೂ ಅನ್ನಲಿಲ್ಲ.

ನನಗೆ ಆದ ನೋವು ಸುಳ್ಳಲ್ಲ. ಇವತ್ತಿಗೂ ಅದನ್ನು ಚಿಕ್ಕದು ಎನ್ನಲಾರೆ. ಕುರ್‌ಆನ್ ಕೂಡ ಚಿಕ್ಕದು ಎನ್ನುವುದಿಲ್ಲ. ನಾಲ್ಕು ಸಾಕ್ಷಿಗಳಿಲ್ಲದೆ ಹೆಣ್ಣಿನ ಶೀಲದ ಮೇಲೆ ಆರೋಪ ಹೊರಿಸಿದವರಿಗೆ 80 ಛಡಿಯೇಟಿನ ಶಿಕ್ಷೆಯನ್ನು ಇದೇ ಅಧ್ಯಾಯ ವಿಧಿಸುತ್ತದೆ. ಆದರೆ ನಾನು ಆಪಾಳಿಗೆ ಕೊಟ್ಟ ಶಿಕ್ಷೆ ಯಾವ ಗ್ರಂಥದಲ್ಲೂ ಇಲ್ಲದ್ದು. ಅವಳ ಮನೆಯ ಅಕ್ಕಿ ನಿಲ್ಲಿಸಿದೆ. ಹದಿನೇಳರ ಹುಡುಗಿಯ ಕಾಲೇಜಿನ ಫೀಸು ನಿಲ್ಲಿಸಿದೆ. ಆ ಹುಡುಗಿ ಯಾರ ಬಗ್ಗೆಯೂ ಏನೂ ಆಡಿರಲಿಲ್ಲ.

ಆ ವರ್ಷದ ರಂಜಾನಿನಲ್ಲಿ ನನ್ನ ಜಕಾತ್ ಲೆಕ್ಕ ಎಂದಿನಂತೆ ಚೊಕ್ಕವಾಗಿಯೇ ಇತ್ತು. ಬಂಗಾರ, ಬ್ಯಾಂಕಿನಲ್ಲಿದ್ದ ಹಣ, ಅಂಗಡಿಯ ಸರಕು ಎಲ್ಲ ಕೂಡಿಸಿ ಶೇಕಡ 2.5 ತೆಗೆದೆ. ಆಪಾಳ ಮನೆಗೆ ಹೋಗಬೇಕಾದ ಪಾಲನ್ನು ಬೇರೆಯವರಿಗೆ ಹಂಚಿದೆ. ಜಕಾತ್ ಯಾರಿಗೆಲ್ಲ ಸಲ್ಲಬೇಕು ಎಂದು 9ನೇ ಅಧ್ಯಾಯದ 60ನೇ ವಚನ ಹೇಳುವ ಎಂಟು ಬಗೆಯ ಜನರಲ್ಲಿ ಆ ಬೇರೆಯವರೂ ಸೇರಿದವರೇ, ಆದ್ದರಿಂದ ಧರ್ಮದ ಲೆಕ್ಕದಲ್ಲಿ ತಪ್ಪು ಹಿಡಿಯುವ ಹಾಗಿರಲಿಲ್ಲ. ಮಸ್ಜಿದಿನ ಕೆಲಸಕ್ಕೆ ಕೊಟ್ಟದ್ದಕ್ಕೆ ಜನರ ಮುಂದೆ ನನ್ನ ಹೆಸರು ಹೇಳಿ ದುವಾ ಮಾಡಿದರು. ನಾನು ಕೊಡುಗೈಯವನು ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾದದ್ದೇ ಆ ರಂಜಾನಿನಲ್ಲಿ. ಈ ಸಂಗತಿ ಹೇಳಲು ಬಹಳ ಸಂಕಟವಾಗುತ್ತದೆ. ಕೊಡುವುದನ್ನು ನಾನು ಬಿಟ್ಟಿರಲಿಲ್ಲವಲ್ಲ. ನನ್ನ ಕೈಯನ್ನು ಯಾರು ಕಣ್ಣಿಗೊತ್ತಿಕೊಳ್ಳುತ್ತಾರೋ ಅವರನ್ನೇ ಆರಿಸಿ ಕೊಡುತ್ತಿದ್ದೆ.

ಈದ್‌ಗೆ ಮನೆಗೆ ಬಂದ ಮಗಳಿಗೆ ವಿಷಯ ತಿಳಿಯಿತು. ಶೀರ್‌ಖುರ್ಮಾದ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: "ಅಬ್ಬಾ, ಅವರು ಆಡಿದ್ದು ನನ್ನನ್ನ. ನೊಂದವಳು ನಾನು. ಅವಳ ಫೀಸು ನಿಲ್ಲಿಸಿ ಅಂತ ನಾನು ಯಾವತ್ತಾದರೂ ಹೇಳಿದ್ನಾ?"

ಉತ್ತರ ಇರಲಿಲ್ಲ. "ಆಯಿಶಾ ಅವರ ಕತೆ ಎಲ್ಲರಿಗೂ ಹೇಳ್ತೀರಂತೆ, ಪೂರ್ತಿ ಹೇಳ್ತೀರಾ?" ಎಂದು ಮತ್ತೆ ಕೇಳಿದಳು.

ಪೂರ್ತಿ ಕತೆ ಹೀಗಿದೆ. ಗುಸುಗುಸು ಹಬ್ಬಿದ್ದು ಆಯಿಶಾರಿಗೇ ಗೊತ್ತಿಲ್ಲದ ದಿನಗಳಲ್ಲಿ ಒಂದು ರಾತ್ರಿ ಅವರು ಮಿಸ್ತಹನ ತಾಯಿಯ ಜೊತೆ ಹೊರಗೆ ಹೋಗಿದ್ದರು. ಆಕೆ ತನ್ನ ಬಟ್ಟೆಗೆ ಕಾಲು ಸಿಕ್ಕಿ ಎಡವಿದಾಗ, ಮಿಸ್ತಹ್ ಹಾಳಾಗಲಿ ಎಂದು ಸ್ವಂತ ಮಗನಿಗೇ ಶಾಪ ಹಾಕಿದಳು. ಬದ್ರ್ ಯುದ್ಧದಲ್ಲಿ ಇದ್ದವನಿಗೆ ಹೀಗನ್ನಬಹುದೇ ಎಂದು ಆಯಿಶಾ ಆಕ್ಷೇಪಿಸಿದರು. ಆಮೇಲೆಯೇ ಆಕೆ ನಡೆದದ್ದನ್ನೆಲ್ಲ ಬಿಚ್ಚಿಟ್ಟಿದ್ದು. ಮುಂದೆ ಆಯಿಶಾ ನಿರ್ದೋಷಿ ಎಂದು ಸಾಬೀತಾಗಿ, ಅಬೂಬಕರ್ ಆಣೆ ಮಾಡಿದ ಮೇಲೆ ಬಂದದ್ದು ಆ 22ನೇ ವಚನ. ಅನುಕೂಲ ಉಳ್ಳವರು ಸಂಬಂಧಿಕರಿಗೆ, ಬಡವರಿಗೆ, ಅಲ್ಲಾಹನ ದಾರಿಯಲ್ಲಿ ಊರು ಬಿಟ್ಟು ಬಂದವರಿಗೆ ಕೊಡುವುದಿಲ್ಲವೆಂದು ಆಣೆ ಮಾಡಬಾರದು, ಮನ್ನಿಸಬೇಕು, ಕಂಡೂ ಕಾಣದಂತೆ ಬಿಡಬೇಕು ಎಂಬುದು ಅದರ ತಾತ್ಪರ್ಯ. ಅಲ್ಲಾಹ್ ನಿಮ್ಮನ್ನು ಕ್ಷಮಿಸುವುದು ನಿಮಗೆ ಬೇಡವೇ ಎಂದು ಕೂಡ ಅದು ಕೇಳುತ್ತದೆ. ಸಂಬಂಧಿ, ಬಡವ, ಮಕ್ಕಾ ಬಿಟ್ಟು ಬಂದವನು, ಈ ಮೂರೂ ಮಿಸ್ತಹನೇ ಆಗಿದ್ದ. ಅವನ ಹೆಸರು ಎತ್ತಿಲ್ಲ, ಅವನ ತಪ್ಪನ್ನೂ ಎತ್ತಿಲ್ಲ. ಮೊದಲು ಅವನು ಬಂದು ಕಾಲು ಹಿಡಿಯಲಿ ಎಂಬ ಷರತ್ತೂ ಇಲ್ಲ. ಮಾತೆಲ್ಲ ಕೊಡುವವನ ಜೊತೆಗೇ. ಅಬೂಬಕರ್ ಆ ಕ್ಷಣವೇ, ಅಲ್ಲಾಹನ ಕ್ಷಮೆ ನನಗೆ ಬೇಕು ಎಂದು ಹೇಳಿ ಮಿಸ್ತಹನ ಹಣವನ್ನು ಮತ್ತೆ ಶುರುಮಾಡಿದರು, ಇನ್ನೆಂದೂ ನಿಲ್ಲಿಸುವುದಿಲ್ಲ ಎಂದರು. ಇಡೀ ಗ್ರಂಥದಲ್ಲಿ ಅತಿ ಹೆಚ್ಚು ಭರವಸೆ ಕೊಡುವ ವಚನ ಇದೇ ಎಂದು ಎರಡನೇ ಹಿಜರಿ ಶತಮಾನದ ವಿದ್ವಾಂಸ ಅಬ್ದುಲ್ಲಾ ಇಬ್ನ್ ಮುಬಾರಕ್ ಹೇಳಿದ್ದರಂತೆ. ಸಹೀಹ್ ಮುಸ್ಲಿಂ ಅದನ್ನು ದಾಖಲಿಸಿದೆ.

ಇಷ್ಟಾದರೂ ಆಣೆಯ ನೆವ ಒಂದು ಉಳಿದಿತ್ತು. ಮಸ್ಜಿದಿನ ಹಜರತ್ ಅವರನ್ನು ಕೇಳಿದೆ. ಒಳ್ಳೆಯ ಕೆಲಸಕ್ಕೆ ಅಡ್ಡ ನಿಲ್ಲುವ ಆಣೆಯನ್ನು ಮುರಿಯಬೇಕು, ಮುರಿದು ಕಫ್ಫಾರಾ, ಅಂದರೆ ಪ್ರಾಯಶ್ಚಿತ್ತ ಕೊಡಬೇಕು, ಹತ್ತು ಬಡವರಿಗೆ ಊಟ ಹಾಕು ಎಂದರು.

ಊಟ ಹಾಕಿಸಿ ಆಪಾಳ ಮನೆಗೆ ಹೋದೆ. ಇನ್ನೊಂದು ತಪ್ಪು ಮಾಡಿದ್ದು ಅಲ್ಲಿ. ದುಲ್ಹಾಭಾಯಿ ಗೋಡೆಗೆ ದಿಂಬು ಆನಿಸಿ ಕೂತಿದ್ದರು, ಒಂದು ಮಾತಿಗೆ ಎರಡು ಸಲ ಉಸಿರು ಎಳೆದುಕೊಳ್ಳುತ್ತ. ಬಾಗಿಲ ಬೆಳಕಿಗೆ ಕೂತ ಹುಡುಗಿ ಒಂದು ಹಸಿರು ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಹಚ್ಚಿ ಮುಗಿಸಿದ್ದ ಇನ್ನೊಂದಿಷ್ಟು ಸೀರೆ ಪಕ್ಕದಲ್ಲಿ ಮಡಿಚಿಟ್ಟಿತ್ತು. ಒಂದಕ್ಕೆ ಎಷ್ಟು ಕೊಡುತ್ತಾರೆ ಎಂಬುದು ಬಟ್ಟೆ ವ್ಯಾಪಾರಿಯಾದ ನನಗೆ ಚೆನ್ನಾಗಿಯೇ ಗೊತ್ತಿತ್ತು. ದುಡ್ಡಿನ ಕವರು ಆಪಾಳ ಮುಂದಿಟ್ಟೆ. ಸುಮ್ಮನೆ ಇಟ್ಟು ಎದ್ದಿದ್ದರೆ ಆಗುತ್ತಿತ್ತು. "ನೀನು ಏನೇ ಆಡಿದ್ದರೂ ನಾನು ಕೈಬಿಡಲಿಲ್ಲ ನೋಡು ಆಪಾ" ಎಂದುಬಿಟ್ಟೆ.

ಕೊಟ್ಟದ್ದನ್ನು ಎತ್ತಿ ಆಡಿ, ಪಡೆದವರ ಮನಸ್ಸು ನೋಯಿಸಿ ದಾನವನ್ನು ಹಾಳುಮಾಡಿಕೊಳ್ಳಬೇಡಿ ಎಂಬುದು ಸೂರಃ ಬಕರಾದ 264ನೇ ವಚನ. ಅಂಥ ದಾನವನ್ನು ಅದು ನುಣುಪು ಬಂಡೆಯ ಮೇಲಿನ ಮಣ್ಣಿಗೆ ಹೋಲಿಸುತ್ತದೆ; ಒಂದು ಜೋರು ಮಳೆ ಬಂದರೆ ಮುಗಿಯಿತು. ಅದರ ಹಿಂದಿನ ವಚನ, ನೋವಿನ ಜೊತೆ ಬರುವ ದಾನಕ್ಕಿಂತ ಒಂದು ಒಳ್ಳೆಯ ಮಾತೇ ಮೇಲು ಎನ್ನುತ್ತದೆ. ಎರಡೂ ನನಗೆ ಗೊತ್ತಿರದ ವಚನಗಳಲ್ಲ.

ಆಪಾ ತಲೆ ಎತ್ತಲಿಲ್ಲ. ಹುಡುಗಿ ಸೂಜಿಯನ್ನು ಸೀರೆಯ ಅಂಚಿಗೆ ಚುಚ್ಚಿಟ್ಟು, "ಮಾಮು, ಕಾಲೇಜು ಬಿಟ್ಟಾಯ್ತು. ಫೀಸಿನ ದುಡ್ಡು ಬೇಡ. ಅಬ್ಬಾನ ಔಷಧಿಗೆ ಕೊಡೋದಾದ್ರೆ ಕೊಡಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡುವ ಧಾಟಿಯೂ ಇರಲಿಲ್ಲ.

ಈಗ ರೇಷನ್ನು, ಔಷಧಿ ಎರಡೂ ತಿಂಗಳು ತಪ್ಪದೆ ಹೋಗುತ್ತವೆ. ಕೊಡಲು ಹೋಗುವುದು ನನ್ನ ಮಗಳು, ಇಲ್ಲವೇ ಅಮ್ಮಿ. ಕೊಟ್ಟು ಬಂದವರನ್ನು ಆಪಾ ಏನಂದಳು ಎಂದು ನಾನು ಕೇಳುವುದಿಲ್ಲ. ಹುಡುಗಿ ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಪರೀಕ್ಷೆಗೆ ಕಟ್ಟಿದ್ದಾಳೆ. ಅರ್ಜಿಯ ಶುಲ್ಕ ಫಾಲ್ ಹಚ್ಚಿ ಕೂಡಿಟ್ಟ ಅವಳದೇ ದುಡ್ಡು. ಪುಸ್ತಕಗಳನ್ನು ನನ್ನ ಮಗಳು ಮೈಸೂರಿನಿಂದ ತಂದುಕೊಟ್ಟಿದ್ದಾಳೆ, ರಜೆಯಲ್ಲಿ ಇಬ್ಬರೂ ಕೂತು ಓದುತ್ತಾರೆ. ಆಪಾ ಇದುವರೆಗೆ ಆ ಮದುವೆ ಮನೆಯ ಮಾತು ಎತ್ತಿಲ್ಲ, ತಪ್ಪಾಯಿತು ಎಂದಿಲ್ಲ. ಅವಳು ಹಾಗೆ ಅನ್ನಲಿ ಎಂಬ ಆಸೆ ನನ್ನಲ್ಲಿ ಪೂರ್ತಿ ಸತ್ತಿದೆ ಎಂದರೆ ಸುಳ್ಳಾಗುತ್ತದೆ. ಆ ಆಸೆ ತಲೆ ಎತ್ತಿದ ತಿಂಗಳು ನಾನು ರೇಷನ್ನಿನ ಚೀಲವನ್ನು ಒಂದು ದಿನ ಮೊದಲೇ ಕಳಿಸಿಬಿಡುತ್ತೇನೆ.