ಮೂಗೂರಿನ ದಾರಿಯಲ್ಲಿ ತಾಳದ ವಿಚಾರ

ಮೈಸೂರಿನಿಂದ ಹೊರಟು, ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರವನ್ನು ದಾಟಿ, ಚಾಮರಾಜನಗರದ ದಾರಿಯನ್ನು ಹಿಡಿದರೆ ಮೂಗೂರು ಸಿಕ್ಕುವುದು. ತ್ರಿಪುರಸುಂದರಿ ಅಮ್ಮನವರ ದೇವಾಲಯವೇ ಈ ಊರಿಗೆ ಕಳಶಪ್ರಾಯವಾದುದು. ನಾವು ಹೋದುದು ದರ್ಶನಕ್ಕಾಗಿಯೇ ಆದರೂ ನನ್ನ ಮನಸ್ಸಿನಲ್ಲಿ ಮತ್ತೊಂದು ಚಿಂತೆಯಿದ್ದಿತು.

ನನ್ನ ತಂಗಿಯ ಮಗಳು ನಾಟ್ಯವನ್ನು ಕಲಿಯುತ್ತಿರುವಳು. ಕಳೆದ ವರ್ಷ ಅವಳು ಮೊದಲ ಬಾರಿಗೆ ರಂಗವನ್ನೇರಿದಾಗ ತಾಳದ ಜೋಡಿಯನ್ನು ಕೊಂಡು ತರುವ ಭಾರ ನನ್ನದಾಯಿತು. ಹೊಳಪಿಗೆ ಮರುಳಾಗಿ ದಪ್ಪನೆಯ ಜೋಡಿಯೊಂದನ್ನು ತಂದೆನು. ಸಭೆಯಲ್ಲಿ ಅದರ ಅಬ್ಬರಕ್ಕೆ ಗೆಜ್ಜೆಯ ದನಿಯೇ ಅಡಗಿಹೋಯಿತು. “ಮಾವ, ನನ್ನ ಹೆಜ್ಜೆ ನನಗೇ ಕೇಳಲಿಲ್ಲ” ಎಂದು ಮಗು ಕಣ್ಣೀರಿಟ್ಟಿತು. ಆ ಮಾತು ನನ್ನನ್ನು ಬಿಡಲಿಲ್ಲ.

ಮೈಸೂರು ಸೀಮೆಯ ಭರತನಾಟ್ಯದಲ್ಲಿ ಮೂಗೂರಿನದೇ ಒಂದು ಸಂಪ್ರದಾಯವುಂಟು. ಮೂಗೂರು ಜೇಜಮ್ಮನವರ ಹೆಸರನ್ನು ನಾಟ್ಯಾಭಿಮಾನಿಗಳೆಲ್ಲರೂ ಬಲ್ಲರು. 1909ರಲ್ಲಿ ಮೈಸೂರು ಸರ್ಕಾರವು ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಗುಡಿಯನ್ನು ಬಿಟ್ಟ ನಾಟ್ಯವು ಗುರುಗಳ ಮನೆಗಳಲ್ಲಿ ಉಳಿದು ಇಂದಿನ ಸಭೆಗಳಿಗೆ ಬಂದಿತು. ಅದರೊಡನೆ ಬಂದುದು ನಟ್ಟುವಾಂಗದ ತಾಳ. ಇದರಲ್ಲಿ ಒಂದು ಬಿಲ್ಲೆ ಕಂಚಿನದು, ಮತ್ತೊಂದು ಉಕ್ಕಿನದು. ಆದುದರಿಂದಲೇ ದನಿಯು ಚುರುಕಾಗಿ ಎದ್ದು ಬೇಗನೆ ಅಡಗುವುದು. ಹೆಜ್ಜೆಗೆ ಬೇಕಾದುದು ಅದೇ.

ಇದೇ ಸೀಮೆಯ ಕಂಸಾಳೆಯ ಗುಣವೇ ಬೇರೆ. ಮಲೆ ಮಾದೇಶ್ವರನ ದೇವರ ಗುಡ್ಡರು ಎಡಗೈಯಲ್ಲಿ ಬಟ್ಟಲನ್ನೂ ಬಲಗೈಯಲ್ಲಿ ಗೊಂಡೆ ಕಟ್ಟಿದ ಬಿಲ್ಲೆಯನ್ನೂ ಹಿಡಿದು ಬೀಸಿ ಬಾರಿಸುವರು. ಎರಡೂ ಕಂಚಿನವಾದುದರಿಂದ ನಾದವು ಬಯಲಿನಲ್ಲಿ ಬಹುದೂರ ಮೊಳಗುವುದು. ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರ ದಮ್ಮಡಿಯಾದರೋ ಚರ್ಮದ ವಾದ್ಯ. ತೇವಕ್ಕೆ ಸಡಿಲುವುದು, ಬೆಂಕಿಯ ಕಾವಿಗೆ ಬಿಗಿಯುವುದು. ಕಚೇರಿಯ ಕಂಜೀರಕ್ಕೆ ಹಿಂದೆ ಉಡದ ಚರ್ಮವನ್ನು ಹೊದಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಉಡಕ್ಕೆ ರಕ್ಷಣೆ ನೀಡಿರುವುದರಿಂದ ಈಗ ಆಡಿನ ಚರ್ಮದ್ದನ್ನೇ ಕೇಳಿ ಕೊಳ್ಳುವುದು ಯುಕ್ತ.

ಗುಡಿಯ ಜಗಲಿಯಲ್ಲಿ ಕುಳಿತು ಇವೆಲ್ಲವನ್ನೂ ಯೋಚಿಸಿದಾಗ ನನ್ನ ತಪ್ಪು ನನಗೆ ತಿಳಿಯಿತು. ಬಯಲಿಗೆ ತಕ್ಕ ದನಿಯನ್ನು ನಾನು ಕೋಣೆಗೆ ತಂದಿದ್ದೆನು. ಕೊಳ್ಳುವವರು ಅಂಗಡಿಯಲ್ಲಿ ಒಮ್ಮೆ ತಟ್ಟಿ ತೃಪ್ತರಾಗಬಾರದು. ಇನ್ನೊಬ್ಬರ ಕೈಯಲ್ಲಿ ನುಡಿಸಿ, ಇಪ್ಪತ್ತು ಹೆಜ್ಜೆ ದೂರ ನಿಂತು ಕೇಳಬೇಕು. ಹಾಡುವವರ ಶ್ರುತಿಯೊಡನೆ ಒಪ್ಪುವುದೋ ಇಲ್ಲವೋ ನೋಡಬೇಕು. ಒಂದು ಗಳಿಗೆ ಹಿಡಿದರೂ ಕೈ ಸೋಲದಿರಬೇಕು. ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ದನಿಯು ಒಡೆಯುವುದು. ದಾರವು ಸವೆದಿದ್ದರೆ ಸಭೆಯ ನಡುವೆಯೇ ಕೈಬಿಡುವುದು.

ಊರಿಗೆ ಹಿಂದಿರುಗಿ, ಅವಳ ಗುರುಗಳನ್ನೂ ಜೊತೆಗೆ ಕರೆದೊಯ್ದು, ಹೊಳಪಿಲ್ಲದ ಸಣ್ಣ ಜೋಡಿಯೊಂದನ್ನು ಕೊಂಡೆವು. ಅಂದಿನ ಸಂಜೆ ಗುರುಗಳು ನಮ್ಮ ಹಜಾರದ ಒಂದು ಮೂಲೆಯಲ್ಲಿ ಕುಳಿತು ತಾಳ ಹಾಕಿದರು. ಮಗುವು ಗೆಜ್ಜೆ ಕಟ್ಟಿ ನಾಲ್ಕು ಹೆಜ್ಜೆ ಹಾಕಿ, ತಟ್ಟನೆ ನಿಂತು, “ಈಗ ಕೇಳಿಸಿತು, ಮಾವ” ಎಂದಿತು.