ಬಾಡಿಗೆ ಕೊಡದ ಬಿಡಾರ

ಸಂತೆಯಲ್ಲಿ ರಾಶಿ ಹಾಕಿ ಮಾರುವ ಒಣ ಸಿಗಡಿಯನ್ನು ಬಿಟ್ಟರೆ ನಮ್ಮ ಹಾನಗಲ್, ಹಿರೇಕೆರೂರು ಸೀಮೆಗೂ ಸಮುದ್ರಕ್ಕೂ ಅಂಥ ನಂಟೇನಿಲ್ಲ. ಆದರೂ ನಕ್ಷತ್ರಮೀನಿನ ಮೈಗಂಟಿಕೊಂಡು ಬದುಕುವ ಒಂದು ಸಿಗಡಿಯ ಮೇಲೆ ನನಗೆ ಬಹಳ ದಿನಗಳಿಂದ ಕಣ್ಣು. ಜೆನೊಪಾಂಟೋನಿಯಾ ಸೊರೊರ್ ಎಂದು ಅದರ ಶಾಸ್ತ್ರೀಯ ಹೆಸರು. ಇಟಲಿಯ ನೊಬಿಲಿ 1904ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದ. ಉಗುರಿನಗಲವೂ ಇಲ್ಲದ ಜೀವ. ಹೆಚ್ಚಾಗಿ ನಕ್ಷತ್ರಮೀನಿನ ತಳಭಾಗದಲ್ಲಿ, ಬಾಯಿಯಿರುವ ಕಡೆಗೇ ಅಡಗಿರುತ್ತದೆ. ಮೈಬಣ್ಣವೂ ಆಸರೆ ಕೊಟ್ಟವರ ಬಣ್ಣಕ್ಕೆ ಹತ್ತಿರ. ಟೀವಿಯವರು ಇದನ್ನು ಗೆಳೆತನವೆಂದು ಹಾಡಿಹೊಗಳುತ್ತಾರೆ. ನಕ್ಷತ್ರಮೀನಿಗೆ ಮಿದುಳೇ ಇಲ್ಲ, ಪಾಪ. ತನ್ನ ಕೆಳಗೊಬ್ಬ ಬಿಡಾರ ಹೂಡಿದ್ದಾನೆಂಬ ಖಬರಾದರೂ ಅದಕ್ಕಿದೆಯೋ ಇಲ್ಲವೋ! ಸಿಗಡಿಗೆ ರಕ್ಷಣೆ ಸಿಕ್ಕಿತು, ನಕ್ಷತ್ರಮೀನಿಗೆ ನಷ್ಟವಾಗಲಿಲ್ಲ. ವ್ಯವಹಾರ ಅಷ್ಟೇ.

ಸವಣೂರಿನ ಎಲೆ ತೋಟ ಹೊಕ್ಕರೆ ಈ ವ್ಯವಹಾರ ಇನ್ನೂ ಸ್ವಾರಸ್ಯ. ಎಲೆಬಳ್ಳಿಗೆ ತಾನಾಗಿ ನಿಲ್ಲುವ ತ್ರಾಣವಿಲ್ಲ. ಚೊಗಚೆ, ನುಗ್ಗೆಯಂಥ ಗಿಡ ಬೇಕು. ಗೆಣ್ಣುಗೆಣ್ಣಿಗೂ ಸಣ್ಣ ಬೇರು ಬಿಟ್ಟು ತೊಗಟೆ ಹಿಡಿದು ಏರುತ್ತದೆ. ಹಾಗೆಂದು ಬಂದಣಿಕೆಯಂತೆ ಗಿಡದ ರಸ ಹೀರುವುದಿಲ್ಲ. ಅದಕ್ಕೆ ನೀರು, ಸಾರವೆಲ್ಲ ತನ್ನದೇ ನೆಲದ ಬೇರಿನಿಂದ. ಗಿಡ ಕೊಡುವುದು ಬೆನ್ನು, ಒಂದಿಷ್ಟು ನೆರಳು, ಉದುರಿದ ಸೊಪ್ಪಿನ ಗೊಬ್ಬರ. ಬಳ್ಳಿಯ ಕಡೆಯಿಂದ ಬಾಡಿಗೆ ಸೊನ್ನೆ.

ಬಾಡಿಗೆ ಕೊಡುವವರು ನೆಲದೊಳಗಿದ್ದಾರೆ. ಎಳೆಯ ಚೊಗಚೆ ಸಸಿಯನ್ನು ಕಿತ್ತು ಮಣ್ಣು ಕೊಡವಿದರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ನಮ್ಮ ರಕ್ತದ ಕೆಂಪಿಗೆ ಕಾರಣವಾದ ವಸ್ತುವಿನ ದಾಯಾದಿಯೇ ಅಲ್ಲಿಯೂ ಇದೆ. ಗಂಟಿನೊಳಗಿನ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣ್ಣುವಂತೆ ಮಾಡಿಕೊಡುತ್ತವೆ, ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಈ ಕೊಡು-ಕೊಳ್ಳುವಿಕೆಯನ್ನು ಟೀವಿಯವರು ಯಾಕೋ ತೋರಿಸುವುದೇ ಕಡಿಮೆ. ಗಂಟಿಗೆ ಚೆಲುವಿಲ್ಲ, ಅದಕ್ಕೇ ಇರಬೇಕು.

ತೋಟದ ಅಜ್ಜನವರು ಬಾಳೆಪಟ್ಟಿಯಿಂದ ಕುಡಿ ಕಟ್ಟುತ್ತಿದ್ದರು. ಗಂಟು ಬಿಗಿಯಾದರೆ ಬಳ್ಳಿಗೆ ಪೆಟ್ಟು, ಸಡಿಲಾದರೆ ಗಾಳಿಗೆ ಜಾರುತ್ತದೆ. ಹೆಬ್ಬೆರಳಿನಲ್ಲೇ ಅವರ ಅಳತೆ.

‘ಅಜ್ಜಾರ, ಬಳ್ಳಿಯಿಂದ ಗಿಡಕ್ಕ ಏನರೆ ಲಾಭ ಐತೇನ್ರೀ?’ ಅಂದೆ.

‘ಲಾಭ ನೋಡಾಕ ಅದನ್ಯಾಕ ಹಚ್ಚೂಣ್ರೀ? ಬಳ್ಳಿ ಹಬ್ಬಲಿ ಅಂತ ಹಚ್ಚೀವಿ,’ ಎನ್ನುತ್ತ ನೆರಳು ಹೆಚ್ಚಾದ ಕಡೆ ಒಂದು ಟೊಂಗೆ ಸವರಿ ಆಡಿನ ಮುಂದೆ ಒಗೆದರು. ‘ಈ ಸಲ ಎಲಿಗೆ ದರಾ ಒಂದು ಬಂದ್ರ ಸಾಕ್ರೀ ನಮಗ.’